ಎರಡೂವರೆ ವರ್ಷವಾದರೂ ಕಡಸು ಬೆದೆಗೆ ಬಂದಿಲ್ಲ, ಯಾವ ಟಾನಿಕ್ ಕೊಡಬೇಕು?

ನಿಮ್ಮ ಪ್ರಶ್ನೆಯ ಸಾರ ಇಷ್ಟು. ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿಯ ಕಡಸಿಗೆ ಎರಡೂವರೆ ವರ್ಷ ತುಂಬಿದೆ, ಒಮ್ಮೆಯೂ ಬೆದೆಗೆ ಬಂದಿಲ್ಲ. ನೋಡಲು ಎತ್ತರವಾಗಿದೆ, ಕಾಯಿಲೆ ಏನೂ ಇಲ್ಲ. ರಾಗಿ ಹುಲ್ಲನ್ನು ಹೊಟ್ಟೆ ತುಂಬ ಹಾಕುತ್ತೀರಿ, ಸಂಜೆ ಅರ್ಧ ಕಿಲೋ ಗೋಧಿ ಬೂಸಾ. ಔಷಧಿ ಅಂಗಡಿಯವರು ಟಾನಿಕ್ ಕೊಡಿ ಎಂದರು, ಪಕ್ಕದ ಮನೆಯವರು ಮಾರಿಬಿಡಿ ಎಂದರು. ಕೊಟ್ಟಿಗೆಯಲ್ಲಿ ಒಂದು ತಿಂಗಳ ಹೆಣ್ಣುಕರುವೂ ಇದೆ, ಅದಕ್ಕೂ ಇದೇ ಗತಿಯಾದೀತೇ ಎಂಬ ಚಿಂತೆ. ಎದೆಯ ಸುತ್ತಳತೆ 54 ಇಂಚು, ಉದ್ದ 46 ಇಂಚು ಎಂದು ಅಳತೆಯನ್ನೂ ಬರೆದಿದ್ದೀರಿ. ಇಂಥ ಪ್ರಶ್ನೆ ಕೇಳುವವರಲ್ಲಿ ಅಳತೆ ಕೊಡುವವರು ಅಪರೂಪ. ಪಶು ಆಹಾರವನ್ನೇ ಓದಿ, ಅದರಲ್ಲೇ ಕೆಲಸ ಮಾಡಿಕೊಂಡು ಬಂದ ನನಗೆ ಅದರಿಂದ ಅರ್ಧ ಉತ್ತರ ಸಿಕ್ಕಿಬಿಟ್ಟಿತು.

ಟಾನಿಕ್ ಬೇಡ. ನಿಮ್ಮ ಕಡಸಿನ ತೊಂದರೆ ತೂಕದ್ದು.

ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಹೆಚ್ಚುಕಡಿಮೆ ಕಿಲೋಗಳಲ್ಲಿ ಸಿಗುತ್ತದೆ. ನಿಮ್ಮ ಲೆಕ್ಕದಲ್ಲಿ 203 ಕಿಲೋ. ಹುಟ್ಟಿದಾಗ 28 ಕಿಲೋ ಇತ್ತೆಂದು ಹಿಡಿದರೆ, ಮೂವತ್ತು ತಿಂಗಳಲ್ಲಿ ಬೆಳೆದದ್ದು 175 ಕಿಲೋ, ಅಂದರೆ ದಿನಕ್ಕೆ ಇನ್ನೂರು ಗ್ರಾಮಿಗೂ ಕಡಿಮೆ. ಇಂಥ ಮಿಶ್ರತಳಿಗೆ ಸೂಜಿ ಹಾಕಿಸಲು, ಅಂದರೆ ಕೃತಕ ಗರ್ಭಧಾರಣೆ ಮಾಡಿಸಲು, ಸುಮಾರು 250 ಕಿಲೋ ತೂಕವಿರಬೇಕು, ಬೆಳೆದ ಹಸುವಿನ ತೂಕದ ಶೇ. 60ರ ಆಸುಪಾಸು. ದಿನಕ್ಕೆ 430 ಗ್ರಾಂ ಬೆಳೆದಿದ್ದರೆ ಹದಿನೇಳು ತಿಂಗಳಿಗೇ ಅಲ್ಲಿಗೆ ತಲುಪುತ್ತಿತ್ತು. 430 ಗ್ರಾಂ ದೊಡ್ಡ ಸಾಧನೆಯೇನಲ್ಲ, ಸಾಧಾರಣ ಮೇವಿನಲ್ಲಿ ಆಗುವಂಥದ್ದು.

ಬೆದೆ ವಯಸ್ಸನ್ನು ನೋಡಿ ಬರುವುದಿಲ್ಲ, ತೂಕ ನೋಡಿ ಬರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1950ರ ದಶಕದಲ್ಲಿ ಹೋಲ್‌ಸ್ಟೀನ್ ಕಡಸುಗಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಅರೆಹೊಟ್ಟೆ, ಒಂದಕ್ಕೆ ಬೇಕಾದಷ್ಟು, ಇನ್ನೊಂದಕ್ಕೆ ಅದಕ್ಕೂ ಹೆಚ್ಚು ತಿನ್ನಿಸಿ ಸಾಕಿದರು. ಧಾರಾಳವಾಗಿ ತಿಂದವು ವರ್ಷ ತುಂಬುವ ಮೊದಲೇ ಬೆದೆಗೆ ಬಂದವು. ಅರೆಹೊಟ್ಟೆಯವು ತಿಂಗಳುಗಟ್ಟಲೆ ಹಿಂದೆ ಬಿದ್ದವು. ಬೆದೆಗೆ ಬಂದ ದಿನದ ತೂಕ ನೋಡಿದರೆ ಮೂರು ಗುಂಪುಗಳಲ್ಲೂ ಅಂಥ ವ್ಯತ್ಯಾಸವಿರಲಿಲ್ಲ. ನಿಮ್ಮ ಕಡಸು ಆ ತೂಕಕ್ಕೆ ಇನ್ನೂ ತಲುಪಿಲ್ಲ, ಅಷ್ಟೇ.

‘ಎತ್ತರವಾಗಿದೆಯಲ್ಲ’ ಎಂದು ನೀವು ಎರಡು ಸಲ ಬರೆದಿದ್ದೀರಿ. ಎತ್ತರ ಮೋಸ ಮಾಡುತ್ತದೆ. ಅಮೆರಿಕದ ಮಿಸೌರಿಯ ವಾಟರ್ಸ್ ಎಂಬ ವಿಜ್ಞಾನಿ 1908ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾಂಸದ ತಳಿಯ ಹೋರಿಕರುಗಳಿಗೆ ತೂಕ ಏರದಂತೆ, ಇಳಿಯದಂತೆ ಅಳೆದು ತಿನ್ನಿಸಿದ್ದರು. ತೂಕ ನಿಂತಲ್ಲೇ ನಿಂತಿತು, ಆದರೆ ಎಲುಬು ಬೆಳೆಯುತ್ತಲೇ ಹೋಯಿತು. ಮೈಯಲ್ಲಿದ್ದ ಕೊಬ್ಬನ್ನು ಕರಗಿಸಿಕೊಂಡು ಪ್ರಾಣಿ ಎತ್ತರವಾಗುತ್ತಿತ್ತು. ದೂರದಿಂದ ನೋಡಿದವರಿಗೆ ಬೆಳೆಯುತ್ತಿರುವಂತೆಯೇ ಕಂಡಿತು. ನಮ್ಮ ಕೊಟ್ಟಿಗೆಗಳಲ್ಲಿ ಉದ್ದ ಕಾಲು, ಎದ್ದು ಕಾಣುವ ಪಕ್ಕೆಲುಬು, ಒಣಗಿದ ಪಿರ್ರೆಯ ಕಡಸುಗಳನ್ನು ಕಂಡಾಗೆಲ್ಲ ನನಗೆ ವಾಟರ್ಸ್ ನೆನಪಾಗುತ್ತಾರೆ. ಹಾಲು ಕೊಡುವ ಹಸುವಿಗೆ ಹಿಂಡಿ, ಗಬ್ಬದ ಹಸುವಿಗೆ ಹಿಂಡಿ, ಕಡಸಿಗೆ ಮಾತ್ರ ಉಳಿದ ಹುಲ್ಲು. ಹಾಲು ಕೊಡದ್ದಕ್ಕೆ ಯಾರು ಖರ್ಚು ಮಾಡುತ್ತಾರೆ?

ಹೊಟ್ಟೆ ತುಂಬ ಹಾಕುತ್ತೇವೆ ಎಂದಿರಿ. ನಂಬುತ್ತೇನೆ. ಆದರೆ ಬೆಳಿಗ್ಗೆ ಗೋದಲಿ ನೋಡಿ: ಎಲೆಯ ಭಾಗ ಹೋಗಿ ಬೆರಳು ದಪ್ಪದ ದಂಟುಗಳು ಹಾಗೇ ಬಿದ್ದಿರುತ್ತವೆ. ಭತ್ತದ ಹುಲ್ಲಿಗಿಂತ ರಾಗಿ ಹುಲ್ಲು ಮೇಲು, ನಿಜ, ಆದರೂ ಅದರಲ್ಲಿ ಪ್ರೋಟೀನ್ ಶೇ. 3ರಿಂದ 4 ಮಾತ್ರ. ಹುಲ್ಲನ್ನು ಅರಗಿಸುವುದು ಹಸುವಲ್ಲ, ಅದರ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು. ಅವಕ್ಕೆ ಸಾರಜನಕ ಸಾಲದಿದ್ದರೆ ಹುಲ್ಲು ಕರಗುವುದು ನಿಧಾನವಾಗುತ್ತದೆ, ಒಳಗಿನದು ಮುಂದಕ್ಕೆ ಹೋಗದೆ ಹೊಸದಕ್ಕೆ ಜಾಗವಾಗುವುದಿಲ್ಲ. ಆಸ್ಟ್ರೇಲಿಯಾದ ಮಿಲ್ಫರ್ಡ್ ಮತ್ತು ಮಿನ್ಸನ್ 1960ರ ದಶಕದಲ್ಲಿ ಉಷ್ಣವಲಯದ ಹುಲ್ಲುಗಳ ಮೇಲೆ ಕೆಲಸ ಮಾಡಿ ತೋರಿಸಿದ್ದು ಇದನ್ನೇ: ಮೇವಿನ ಪ್ರೋಟೀನ್ ಸುಮಾರು ಶೇ. 7ರ ಕೆಳಗಿಳಿದರೆ ಪ್ರಾಣಿ ತಿನ್ನುವ ಪ್ರಮಾಣವೇ ಕುಸಿಯುತ್ತದೆ. ನಿಮ್ಮ ಹುಲ್ಲು, ಬೂಸಾ ಎರಡನ್ನೂ ಸೇರಿಸಿ ಲೆಕ್ಕ ಹಾಕಿದೆ, ಶೇ. 5ರ ಸುತ್ತ ಬರುತ್ತದೆ. ಮುಂದೆ ರಾಶಿ ಹುಲ್ಲಿದ್ದರೂ ನಿಮ್ಮ ಕಡಸು ಅರೆಹೊಟ್ಟೆಯಲ್ಲಿದೆ.

ಇನ್ನೊಂದು ಕೊರತೆ ಹಸಿಮೇವಿನದು. ನೀವು ಅದರ ಮಾತೇ ಎತ್ತಲಿಲ್ಲ, ಆದ್ದರಿಂದ ಕೊಡುತ್ತಿಲ್ಲ ಎಂದುಕೊಳ್ಳುತ್ತೇನೆ. ಇಲ್ಲಿ ಒಂದು ಹಳೆಯ ಪ್ರಯೋಗದ ಕತೆ ಹೇಳಲೇಬೇಕು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ ಎಂಬ ರಸಾಯನಶಾಸ್ತ್ರಜ್ಞರಿದ್ದರು. ಹಾಲಿನ ಕೊಬ್ಬನ್ನು ಅಳೆಯುವ ಸುಲಭ ವಿಧಾನವನ್ನು 1890ರಲ್ಲಿ ಕೊಟ್ಟವರು ಅವರೇ. ಪ್ರೋಟೀನ್ ಇಷ್ಟು, ಶಕ್ತಿ ಇಷ್ಟು ಎಂದು ಕಾಗದದ ಮೇಲೆ ಲೆಕ್ಕ ಸರಿ ಬಂದರೆ ಮೇವು ಯಾವುದಾದರೇನು ಎನ್ನುತ್ತಿದ್ದ ಕಾಲ ಅದು. ಬ್ಯಾಬ್‌ಕಾಕ್‌ರಿಗೆ ಆ ಮಾತಿನಲ್ಲಿ ನಂಬಿಕೆಯಿರಲಿಲ್ಲ. ಅವರ ಒತ್ತಾಸೆಯಿಂದ 1907ರಲ್ಲಿ ಹಾರ್ಟ್ ಮತ್ತು ಸಂಗಡಿಗರು ಹದಿನಾರು ಕಡಸುಗಳನ್ನು ನಾಲ್ಕು ಗುಂಪು ಮಾಡಿದರು. ಒಂದಕ್ಕೆ ಬರೀ ಮುಸುಕಿನ ಜೋಳದ ಕಾಳು ಮತ್ತು ದಂಟು. ಒಂದಕ್ಕೆ ಬರೀ ಗೋಧಿ ಮತ್ತು ಗೋಧಿ ಹುಲ್ಲು. ಒಂದಕ್ಕೆ ಬರೀ ಓಟ್ಸ್. ನಾಲ್ಕನೆಯದಕ್ಕೆ ಮೂರರ ಮಿಶ್ರಣ. ರಾಸಾಯನಿಕ ಲೆಕ್ಕದಲ್ಲಿ ನಾಲ್ಕೂ ಸಮ.

ನಾಲ್ಕು ವರ್ಷದ ಆ ಪ್ರಯೋಗದಲ್ಲಿ ಮುಸುಕಿನ ಜೋಳ ತಿಂದವು ನುಣುಪಾದ ಮೈಕಟ್ಟಿನಿಂದ ಬೆಳೆದು ಗಟ್ಟಿಮುಟ್ಟಾದ ಕರು ಹಾಕಿದವು. ಗೋಧಿ ತಿಂದವುಗಳ ರೋಮ ಒರಟಾಯಿತು, ಕಣ್ಣು ಹೋಯಿತು, ಕರುಗಳು ವಾರಗಟ್ಟಲೆ ಮುಂಚೆ ಹುಟ್ಟಿ ಸತ್ತವು. ಲೆಕ್ಕಕ್ಕೆ ಸಿಗದ ಏನೋ ಒಂದು ಜೋಳದಲ್ಲಿ ಇದೆ, ಗೋಧಿಯಲ್ಲಿ ಇಲ್ಲ ಎಂಬುದು ಆಗ ಖಚಿತವಾಯಿತು. ಆ ತಂಡದಲ್ಲೇ ಇದ್ದ ಮೆಕಾಲಮ್ ಹಸುಗಳ ಬದಲು ಇಲಿಗಳ ಮೇಲೆ ಪ್ರಯೋಗ ಮಾಡುತ್ತ ಹೋಗಿ, 1913ರಲ್ಲಿ ಇಂದು ನಾವು ‘ಎ’ ಜೀವಸತ್ವ ಎನ್ನುವುದರ ಸುಳಿವು ಹಿಡಿದರು. ಬಿಸಿಲಲ್ಲಿ ಒಣಗಿ ಬಣವೆಯಲ್ಲಿ ಕೂತ ಹುಲ್ಲಿನಲ್ಲಾಗಲಿ, ಗೋಧಿ ಬೂಸಾದಲ್ಲಾಗಲಿ ಅದರ ಮೂಲವಾದ ಕ್ಯಾರೊಟಿನ್ ಇಲ್ಲವೆನ್ನುವಷ್ಟು ಕಡಿಮೆ. ದಿನಕ್ಕೆ ನಾಲ್ಕೈದು ಕಿಲೋ ಹಸಿರು ಬಿದ್ದರೂ ಆ ಕೊರತೆ ನೀಗುತ್ತದೆ. ಅಂಗಡಿಯ ಟಾನಿಕ್ ಬಾಟಲಿಯ ಮೇಲೂ ಅದೇ ಜೀವಸತ್ವದ ಹೆಸರಿರುತ್ತದೆ. ಬದುವಿನ ಮೇಲೆ ಸೊಪ್ಪಿನ ಅಗಸೆ ಗಿಡ (ಎಣ್ಣೆಕಾಳಿನ ಅಗಸೆಯಲ್ಲ) ಹಾಕಿದವನಿಗೆ ಅದು ಪುಕ್ಕಟೆ.

ಈಗ ಏನು ಹಾಕಬೇಕು ಎಂಬ ವಿಷಯ. ಸೀಮೆಹುಲ್ಲು ಅಥವಾ ಹಸಿ ಜೋಳದ ಮೇವು ಹತ್ತರಿಂದ ಹನ್ನೆರಡು ಕಿಲೋ, ಅದರ ಜೊತೆ ಕುದುರೆ ಮಸಾಲೆ (ಲೂಸರ್ನ್ ಮೇವು), ಅಲಸಂದೆ, ಅಗಸೆ ಯಾವುದಾದರೂ ಎರಡು ಮೂರು ಕಿಲೋ. ಡೇರಿಯಲ್ಲಿ ಸಿಗುವ ಪಶು ಆಹಾರ ಒಂದೂಮುಕ್ಕಾಲು ಕಿಲೋ, ಎರಡು ಹೊತ್ತಿಗೆ ಹಂಚಿ. ರಾಗಿ ಹುಲ್ಲನ್ನು ಕತ್ತರಿಸಿ, ಅದು ತಿಂದಷ್ಟು. ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ. ಆಯಾ ಪ್ರದೇಶದ ಮಣ್ಣು ಮತ್ತು ಮೇವಿನಲ್ಲಿ ಯಾವುದು ಕಡಿಮೆಯೋ ಅದನ್ನಷ್ಟೇ ತುಂಬಿಕೊಡುವ ಮಿಶ್ರಣಗಳ ಬಗ್ಗೆ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಒಳ್ಳೆಯ ಕೆಲಸ ಮಾಡಿದೆ. ನಿಮ್ಮ ಕಡೆಯ ಮಿಶ್ರಣ ಸಿಕ್ಕರೆ ಅದನ್ನೇ ತನ್ನಿ. ಇವೆಲ್ಲಕ್ಕೂ ಮೊದಲು ಸಗಣಿ ಪರೀಕ್ಷೆ ಮಾಡಿಸಿ ಜಂತಿನ ಔಷಧಿ ಹಾಕಿಸಿ, ಇಲ್ಲವಾದರೆ ನೀವು ಸಾಕುವುದು ಜಂತುಗಳನ್ನು.

ಬೇಸಿಗೆಯಲ್ಲಿ ಹಸಿರು ಸಿಗದಿದ್ದರೆ ಹುಲ್ಲಿಗೆ ಯೂರಿಯಾ ಉಪಚಾರ ಮಾಡಬಹುದು: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಮೂರು ವಾರ ಇಡಬೇಕು. ತೆಗೆದಾಗ ಕಣ್ಣಲ್ಲಿ ನೀರು ತರಿಸುವ ವಾಸನೆ ಇರುತ್ತದೆ, ಸ್ವಲ್ಪ ಹೊತ್ತು ಗಾಳಿಗೆ ಹರಡಿ ಕೊಡಿ. ಪ್ರೋಟೀನ್ ಲೆಕ್ಕ ಶೇ. 7ರ ಹತ್ತಿರ ಬರುತ್ತದೆ. ಯೂರಿಯಾವನ್ನು ನೇರವಾಗಿ ನೀರಿಗೋ ಬೂಸಾಕ್ಕೋ ಬೆರೆಸಬೇಡಿ, ಪ್ರಾಣ ಹೋಗುತ್ತದೆ. ಆರು ತಿಂಗಳೊಳಗಿನ ಕರುವಿಗೆ ಉಪಚರಿಸಿದ ಹುಲ್ಲೂ ಬೇಡ.

ಇಷ್ಟು ದಿನ ಹಿಂದೆ ಬಿದ್ದದ್ದು ಇನ್ನು ಚೇತರಿಸಿಕೊಳ್ಳುತ್ತದೆಯೇ? ಬಹುಮಟ್ಟಿಗೆ ಹೌದು. ಹಸಿದಿದ್ದ ಪ್ರಾಣಿಗೆ ಒಳ್ಳೆಯ ಮೇವು ಸಿಕ್ಕಾಗ ಅದು ಸದಾ ಚೆನ್ನಾಗಿ ತಿಂದದ್ದಕ್ಕಿಂತಲೂ ವೇಗವಾಗಿ ಕೆಲಕಾಲ ಬೆಳೆಯುತ್ತದೆ. ಮಾಂಸಕ್ಕಾಗಿ ದನ ಸಾಕುವ ದೇಶಗಳಲ್ಲಿ ಇದನ್ನು ಲೆಕ್ಕವಿಟ್ಟೇ ಬಳಸುತ್ತಾರೆ: ಚಳಿಗಾಲದಲ್ಲಿ ಕಡಿಮೆ ತಿನ್ನಿಸಿ, ವಸಂತದ ಹುಲ್ಲುಗಾವಲಿಗೆ ಬಿಟ್ಟು ಅಗ್ಗದಲ್ಲಿ ತೂಕ ಪಡೆಯುತ್ತಾರೆ. ನೀವು ದಿನಕ್ಕೆ 500ರಿಂದ 600 ಗ್ರಾಂ ಗುರಿಯಿಟ್ಟುಕೊಳ್ಳಿ. 47 ಕಿಲೋ ಏರಲು ಮೂರು ತಿಂಗಳು ಸಾಕು. ಹಾಗೆಂದು ನಾಳೆಯೇ ಮೂರು ಕಿಲೋ ಹಿಂಡಿ ಸುರಿಯಬೇಡಿ. ಎರಡು ವಾರದಲ್ಲಿ ಸ್ವಲ್ಪ ಸ್ವಲ್ಪ ಏರಿಸಿ, ಇಲ್ಲವಾದರೆ ಹೊಟ್ಟೆ ಹುಳಿಯಾಗಿ ಮಲಗುತ್ತದೆ. ಅತಿಯಾಗಿ ಕೊಬ್ಬಿಸಿದರೂ ಕೆಡುಕಿದೆ. ಡೆನ್ಮಾರ್ಕಿನ ಸೇಯರ್ಸನ್ ಮತ್ತು ಸಂಗಡಿಗರು 1982ರಲ್ಲಿ ವರದಿ ಮಾಡಿದಂತೆ, ಬೆದೆಗೆ ಬರುವ ಮೊದಲು ವಿಪರೀತ ತಿನ್ನಿಸಿದ ಕಡಸುಗಳ ಕೆಚ್ಚಲಿನಲ್ಲಿ ಹಾಲು ಸ್ರವಿಸುವ ಅಂಗಾಂಶ ಕಡಿಮೆಯಿತ್ತು.

ಇನ್ನು ಕರು. ನನಗೆ ಕಡಸಿಗಿಂತ ಇದರ ಮೇಲೆಯೇ ಹೆಚ್ಚು ಆಸೆ. ಹುಟ್ಟಿದ ಗಂಟೆಯೊಳಗೆ ಗಿಣ್ಣು ಹಾಲು ಕುಡಿಯಿತೇ ಎಂಬ ಪ್ರಶ್ನೆಗೆ ಈಗ ಕಾಲ ಮಿಂಚಿದೆ. ಮುಂದಿನ ಕರುವಿಗೆ ನೆನಪಿಡಿ: ಹಸುವಿನ ರೋಗನಿರೋಧಕ ಕಾಯಗಳು ಗರ್ಭದಲ್ಲಿ ಕರುವಿಗೆ ಸಾಗುವುದಿಲ್ಲ, ಗಿಣ್ಣಿನಲ್ಲಿ ಮಾತ್ರ ಸಿಗುತ್ತವೆ, ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದಲ್ಲಿ ಮುಚ್ಚುತ್ತದೆ. ಮಾಸು ಬೀಳುವ ತನಕ ಕಾಯಬೇಡಿ.

ದಿನಕ್ಕೆ ಕುಡಿಸುವ ಹಾಲು ಕರುವಿನ ತೂಕದ ಹತ್ತನೇ ಒಂದು ಭಾಗ ಎಂಬುದು ಹಳೆಯ ಸೂತ್ರ, ಅದು ಕನಿಷ್ಠ. ಕರೆದುಬಿಟ್ಟ ಮೇಲೆ ಕೆಚ್ಚಲಲ್ಲಿ ಉಳಿದದ್ದನ್ನು ಚೀಪಲು ಬಿಟ್ಟರೆ ಅಷ್ಟೂ ಸಿಗುವುದಿಲ್ಲ. ಕಾರ್ನೆಲ್‌ನವರೇ 2012ರಲ್ಲಿ ತಮ್ಮ ಹಿಂಡಿನ ಹಲವು ವರ್ಷಗಳ ದಾಖಲೆ ಜಾಲಾಡಿ ನೋಡಿದರು. ಹಾಲು ಬಿಡಿಸುವ ಮೊದಲಿನ ವಾರಗಳಲ್ಲಿ ದಿನದ ಬೆಳವಣಿಗೆ ಒಂದು ಕಿಲೋ ಹೆಚ್ಚಿದ್ದರೆ ಮೊದಲ ಸೂಲಿನಲ್ಲಿ 850 ಕಿಲೋ ಹಾಲು ಹೆಚ್ಚು ಎಂಬ ಸಂಬಂಧ ಕಂಡಿತು. ಕರು ದಿನಕ್ಕೆ 300 ಗ್ರಾಂ ಹೆಚ್ಚು ಬೆಳೆದರೆ ಆ ಲೆಕ್ಕದಲ್ಲಿ 255 ಕಿಲೋ. ಅಲ್ಲಿನ ಶುದ್ಧ ಹೋಲ್‌ಸ್ಟೀನ್ ಅಂಕಿಯನ್ನು ನಮ್ಮ ಕೊಟ್ಟಿಗೆಗೆ ಹಾಗೇ ಎತ್ತಿ ಹಚ್ಚುವುದು ಸರಿಯಲ್ಲ. ಆದರೂ ಇಂದು ಡೇರಿಗೆ ಹಾಕುವ ಅರ್ಧ ಲೀಟರು ಕರುವಿನ ಬಾಯಿಗೆ ಹೋದರೆ ನಷ್ಟವೆಂದು ನಾನು ಒಪ್ಪುವುದಿಲ್ಲ.

ಹಾಲಿನ ಜೊತೆಗೆ ಈಗಿಂದಲೇ ಒಂದು ಹಿಡಿ ಕರು ಆಹಾರ ಇಡಿ, ಪಕ್ಕದಲ್ಲಿ ಬಕೆಟ್ ನೀರು. ಹುಲ್ಲು ಹಾಕಿದರೆ ಹೊಟ್ಟೆ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. 1950ರ ದಶಕದಲ್ಲಿ ಕಾರ್ನೆಲ್‌ನ ವಾರ್ನರ್, ಫ್ಲಾಟ್ ಮತ್ತು ಲೂಸ್ಲಿ ಹಾಲು ಕುಡಿಯುವ ಕರುಗಳ ದೊಡ್ಡ ಹೊಟ್ಟೆಯೊಳಗೆ ಪ್ಲಾಸ್ಟಿಕ್ ಸ್ಪಂಜು ತುರುಕಿ ನೋಡಿದ್ದರು. ಹೊಟ್ಟೆ ಹಿಗ್ಗಿತು, ಆದರೆ ಆಹಾರ ಹೀರುವ ಒಳಗಿನ ನಾಲಗೆಯಂಥ ಎಳೆಗಳು ಬೆಳೆಯಲಿಲ್ಲ. ಕಾಳು ಹುದುಗಿದಾಗ ಹುಟ್ಟುವ ಬ್ಯುಟಿರಿಕ್, ಪ್ರೊಪಿಯಾನಿಕ್ ಆಮ್ಲಗಳ ಲವಣ ಹಾಕಿದಾಗ ಬೆಳೆದವು. ಬರೀ ಹುಲ್ಲಿನ ಮೇಲೆ ಬಿಟ್ಟ ಎಳೆಗರುವಿನ ಡೊಳ್ಳುಹೊಟ್ಟೆ ಆ ಸ್ಪಂಜಿನ ಹೊಟ್ಟೆಯೇ. ಮೃದುವಾದ ಹುಲ್ಲನ್ನು ಮೂಸಲು ಇಡಿ, ಊಟ ಅದಾಗಬಾರದು.

ಮಾರುವ ವಿಚಾರಕ್ಕೆ ಬಂದರೆ, ಮೊದಲು ಒಂದು ಮಾತು ತಿಳಿಸಿ: ಈ ಕಡಸು ಗಂಡುಕರುವಿನ ಜೊತೆ ಅವಳಿಯಾಗಿ ಹುಟ್ಟಿದ್ದೇ? ಹೌದಾದರೆ ಮೇಲಿನದೆಲ್ಲ ವ್ಯರ್ಥ. ಅಂಥ ಹೆಣ್ಣುಕರುಗಳಲ್ಲಿ ಹತ್ತಕ್ಕೆ ಒಂಬತ್ತು ಬಂಜೆಯೇ, ಗರ್ಭದಲ್ಲಿ ಇಬ್ಬರ ರಕ್ತನಾಳ ಕೂಡಿ ಗಂಡುಕರುವಿನ ಹಾರ್ಮೋನು ಹೆಣ್ಣಿನ ಅಂಡಾಶಯವನ್ನು ಕೆಡಿಸಿರುತ್ತದೆ. ಪಶುವೈದ್ಯರು ಕೈಹಾಕಿ ನೋಡಿ ಹೇಳುತ್ತಾರೆ. ಅವಳಿಯಲ್ಲವೆಂದಾದರೆ ಮೂರು ತಿಂಗಳು ತಡೆಯಿರಿ, ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಮೇವು ಹಾಕುವ ಮೊದಲು ಟೇಪು ಹಿಡಿದು ಬರೆದಿಡಿ. 250 ಕಿಲೋ ದಾಟಿ ಎರಡು ತಿಂಗಳಾದರೂ ಬೆದೆ ಕಾಣದಿದ್ದರೆ ವೈದ್ಯರನ್ನು ಮತ್ತೆ ಕರೆಸಿ, ಹೊರಗೆ ಲಕ್ಷಣ ತೋರದ ಮೂಕ ಬೆದೆಯೂ ಇರಬಹುದು. ಈಗಿನ ಸ್ಥಿತಿಯಲ್ಲಿ ಮಾರಿದರೆ ನಿಮಗೆ ಸಿಗುವುದು ಬಡಕಲು ದನದ ಬೆಲೆ, ಗಬ್ಬ ನಿಂತ ಮೇಲಾದರೆ ಕೊಳ್ಳುವವರೇ ಮನೆ ಬಾಗಿಲಿಗೆ ಬರುತ್ತಾರೆ.