ವೈದ್ಯರೆದುರು ನೆಟ್ಟಗಾಗುವ ಬೆನ್ನು: ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಪಾರ್ಕಿನ್ಸನ್ ಕಾಯಿಲೆಯವರ ದೇಹಭಂಗಿಯನ್ನು ಕ್ಯಾಮೆರಾದಿಂದ ಅಳೆಯುವ ಬಗೆಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ನೀವು ಬರೆದ ಪತ್ರ ತಲುಪಿದೆ. ನಿಮ್ಮ ತಂದೆಯವರು ವೈದ್ಯರೆದುರು ನೆಟ್ಟಗೆ ನಿಲ್ಲುತ್ತಾರೆ, ಮನೆಯಲ್ಲಿ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಮುಂದಕ್ಕೂ ಬಲಕ್ಕೂ ಬಾಗುತ್ತಾರೆ, ಹೇಳಿದರೆ ‘ನೆಟ್ಟಗೇ ಇದ್ದೇನಲ್ಲ’ ಎನ್ನುತ್ತಾರೆ ಎಂದಿದ್ದೀರಿ. ಕ್ಯಾಮೆರಾ ಇದನ್ನು ಹಿಡಿಯಬಲ್ಲದೇ, ವೈದ್ಯರ ಬದಲು ಅದನ್ನೇ ನಂಬಬಹುದೇ ಎಂದು ಕೇಳಿದ್ದೀರಿ.

ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸಬೇಕು, ಏಕೆಂದರೆ ಅಲ್ಲಿ ನಮ್ಮ ತಪ್ಪಿದೆ. ‘ಕಾಯಿಲೆಯನ್ನು ಗುರುತಿಸುವ ಕ್ಯಾಮೆರಾ’ ಎಂಬ ಶೀರ್ಷಿಕೆಯನ್ನು ನಾವು ಕೊಡಬಾರದಿತ್ತು. ಮೈಕ್ರೋಸಾಫ್ಟ್ 2010ರಲ್ಲಿ ವಿಡಿಯೊ ಆಟಕ್ಕೆಂದು ತಂದ ಕೈನೆಕ್ಟ್ ಉಪಕರಣವು ಅತಿಗೆಂಪು ಬೆಳಕಿನ ನೆರವಿನಿಂದ ಎದುರಿಗಿರುವ ದೇಹದ ಭಾಗಗಳು ಎಷ್ಟೆಷ್ಟು ದೂರದಲ್ಲಿವೆ ಎಂದು ಲೆಕ್ಕ ಹಾಕುತ್ತದೆ. ಅದರ ಎರಡನೆಯ ಆವೃತ್ತಿ ದೇಹದ 25 ಬಿಂದುಗಳನ್ನು ಸೆಕೆಂಡಿಗೆ 30 ಬಾರಿ ಗುರುತಿಸುತ್ತಿತ್ತು. ಮೈಗೆ ಏನನ್ನೂ ಅಂಟಿಸಬೇಕಿಲ್ಲವಾದ್ದರಿಂದ ಸಂಶೋಧಕರು ಅದನ್ನು ಮೆಚ್ಚಿಕೊಂಡರು. 2017ರಲ್ಲಿ ಅದರ ತಯಾರಿಕೆ ನಿಂತಿತು. ಈಗ ಸಾಮಾನ್ಯ ವಿಡಿಯೊದಿಂದಲೇ ಕೀಲುಗಳನ್ನು ಅಂದಾಜಿಸುವ ತಂತ್ರಾಂಶಗಳಿವೆ. ಆದರೆ ಇವೆಲ್ಲ ಹೇಳುವುದು ದೇಹ ಎಷ್ಟು ಬಾಗಿದೆ ಎಂಬ ಕೋನವನ್ನು ಮಾತ್ರ. ಆ ಬಾಗು ಪಾರ್ಕಿನ್ಸನ್‌ನಿಂದ ಬಂದದ್ದೇ, ಮೂಳೆ ಸವೆತದಿಂದಲೇ, ಔಷಧದಿಂದಲೇ ಎಂಬುದನ್ನು ವೈದ್ಯರೇ ನಿರ್ಧರಿಸಬೇಕು.

ಹಾಗಾದರೆ ಕೋನದಿಂದ ಏನು ಪ್ರಯೋಜನ? ವೈದ್ಯರು ಬಳಸುವ ಪ್ರಮಾಣಿತ ಮಾಪನದಲ್ಲಿ ಭಂಗಿಗೆ ಸಿಗುವುದು 0ಯಿಂದ 4ರವರೆಗಿನ ಒಂದು ಅಂಕೆ. ಬಾಗಿದ್ದರೂ ಹೇಳಿದಾಗ ನೆಟ್ಟಗಾಗುವವರಿಗೆ 2, ಪ್ರಯತ್ನಿಸಿದರೂ ಆಗದವರಿಗೆ 3. ಈ ಎರಡು ಮೆಟ್ಟಿಲುಗಳ ನಡುವೆ ಒಬ್ಬರ ಬೆನ್ನು ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಹೋದರೂ ಅಂಕೆ ಬದಲಾಗದಿರಬಹುದು. ಅಲ್ಲದೆ ಕಾಂಪ್ಟೊಕಾರ್ಮಿಯಾ ಎಂಬ ತೀವ್ರ ಮುಂಬಾಗು ಮಲಗಿದಾಗ ಮಾಯವಾಗಿ, ನಿಂತಾಗ ಮತ್ತು ನಡೆದಾಗ ಹೆಚ್ಚುವ ಸ್ವಭಾವದ್ದು. ಕೆಲವೇ ನಿಮಿಷಗಳ ತಪಾಸಣೆಯಲ್ಲಿ ಅದು ಪೂರ್ತಿ ಕಾಣದೇ ಹೋಗಬಹುದು. ನಿಮ್ಮ ದೂರಿನ ತಿರುಳು ಇದೇ, ಮತ್ತು ಕ್ಯಾಮೆರಾದ ನಿಜವಾದ ಉಪಯೋಗವೂ ಇಲ್ಲಿಯೇ ಇದೆ: ಒಂದೇ ಅಳತೆಯನ್ನು, ಒಂದೇ ಬಗೆಯಲ್ಲಿ, ತಿಂಗಳುಗಳ ಉದ್ದಕ್ಕೂ ಮತ್ತೆ ಮತ್ತೆ ತೆಗೆಯುವುದು.

ಪಕ್ಕಕ್ಕೆ 10 ಡಿಗ್ರಿ ಮೀರಿದ, ಮಲಗಿದಾಗ ಸರಿಹೋಗುವ ಬಾಗನ್ನು ಪೀಸಾ ಸಿಂಡ್ರೋಮ್ ಎನ್ನುತ್ತಾರೆ. (ಹೆಸರು ಕೊಟ್ಟ ಇಟಲಿಯ ಗೋಪುರ ಇಂದು ವಾಲಿರುವುದು ಸುಮಾರು 4 ಡಿಗ್ರಿಯಷ್ಟೇ.) ಎದುರಿನಿಂದ ಚಿತ್ರಿಸಿದರೆ ಈ ವಾಲುವಿಕೆಯನ್ನು ಅಳೆಯುವುದು ಸುಲಭ. ಬೆನ್ನಿನ ಗೂನನ್ನು ಅಳೆಯುವುದು ಕಷ್ಟ. ಕೈನೆಕ್ಟ್ ಸೊಂಟದಿಂದ ಹೆಗಲಿನವರೆಗಿನ ಬೆನ್ನಿಗೆ ಕೊಡುತ್ತಿದ್ದುದು ಮೂರೇ ಬಿಂದು. ಸಡಿಲ ಜುಬ್ಬ, ಪಂಚೆ, ಸೆರಗು ಇದ್ದರೆ ಕೀಲಿನ ಜಾಗವೇ ತಪ್ಪಬಹುದು. ಆಯತಪ್ಪಿ ಬೀಳುವ ಅಪಾಯವಂತೂ ಬೇರೆಯೇ ವಿಷಯ. ಅದಕ್ಕೆ ವೈದ್ಯರು ಹಿಂದೆ ನಿಂತು ಭುಜ ಹಿಡಿದೆಳೆದು ಪರೀಕ್ಷಿಸುತ್ತಾರೆ. ಅದನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ.

ನೀವು ಮಾಡಬಹುದಾದದ್ದು ಇಷ್ಟು. ಫೋನನ್ನು ಸೊಂಟದೆತ್ತರದಲ್ಲಿ ಅಲುಗದಂತೆ ಇಟ್ಟು, ತಂದೆಯವರನ್ನು ಬಾಗಿಲ ಚೌಕಟ್ಟಿನ ಪಕ್ಕ ನಿಲ್ಲಿಸಿ, ಎದುರಿನಿಂದಲೂ ಪಕ್ಕದಿಂದಲೂ ಚಿತ್ರಿಸಿ. ಫೋನು ವಾಲಿದ್ದರೆ ಚೌಕಟ್ಟಿನ ಅಂಚೇ ಅದನ್ನು ತೋರಿಸಿಕೊಡುತ್ತದೆ. ಯಾರಾದರೂ ಕೈಗೆಟುಕುವಷ್ಟು ಹತ್ತಿರದಲ್ಲಿರಲಿ. ನಡೆಯುವ ಮೊದಲೊಮ್ಮೆ, ನಡೆದ ಮೇಲೊಮ್ಮೆ ಚಿತ್ರಿಸಿ. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಮಾತ್ರೆಯನ್ನು ತೆಗೆದುಕೊಂಡ ಹೊತ್ತನ್ನು ತಪ್ಪದೆ ಬರೆದಿಡಿ, ಏಕೆಂದರೆ ಅದರ ಪ್ರಭಾವ ಇರುವಾಗಿನ ಭಂಗಿಯನ್ನು ಇಳಿದಾಗಿನ ಭಂಗಿಯೊಡನೆ ಹೋಲಿಸಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಬಲಕ್ಕೆ ವಾಲತೊಡಗಿದ್ದು ಯಾವಾಗ, ಅದಕ್ಕೂ ಮುನ್ನ ಯಾವ ಔಷಧ ಹೊಸದಾಗಿ ಸೇರಿತು ಅಥವಾ ಬದಲಾಯಿತು ಎಂಬುದನ್ನು ವೈದ್ಯರಿಗೆ ತಿಳಿಸಿ. ಪೀಸಾ ಸಿಂಡ್ರೋಮ್ ಕೆಲವರಲ್ಲಿ ಔಷಧದಿಂದಲೇ ಬರುತ್ತದೆ. ಆದರೆ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ; ಲೆವೊಡೋಪಾವನ್ನು ಥಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ.

ಇನ್ನು ‘ನೆಟ್ಟಗೇ ಇದ್ದೇನಲ್ಲ’ ಎಂಬ ಅವರ ಮಾತನ್ನು ಹಟವೆಂದು ತಿಳಿಯಬೇಡಿ. ಹೀಗೆ ವಾಲುವ ಅನೇಕರಿಗೆ ತಾವು ವಾಲಿದ್ದೇವೆಂಬ ಅರಿವೇ ಇರುವುದಿಲ್ಲ. ಅವರು ಒಪ್ಪಿದರೆ, ವೈದ್ಯರಿಗೆ ತೋರಿಸುವ ಮೊದಲು ಆ ವಿಡಿಯೊವನ್ನು ಅವರ ಪಕ್ಕದಲ್ಲಿ ಕುಳಿತು ಅವರಿಗೇ ತೋರಿಸಿ.

– ಸಂಪಾದಕ