ಒಂದು ಜಾಗಕ್ಕೆ ಐದಾರು ನರ್ಸ್‌ಗಳ ಸಂಬಳ ಏಕೆ?

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯ ಸಣ್ಣ ವಾರ್ಡಿನಲ್ಲಿ ಯಾವಾಗ ನೋಡಿದರೂ ಇರುವುದು ಒಬ್ಬರೇ ನರ್ಸ್. ಬಜೆಟ್ಟಿನಲ್ಲಿ ಐದಾರು ಜನರ ಸಂಬಳ ಇರುತ್ತದೆ. ಉಳಿದವರೆಲ್ಲಿ?

ಉತ್ತರ: ಎಲ್ಲರೂ ಲೆಕ್ಕದಲ್ಲೇ ಇದ್ದಾರೆ. ಹಗಲು ರಾತ್ರಿ ಒಬ್ಬರು ಇರಲೇಬೇಕೆಂದರೆ ವರ್ಷಕ್ಕೆ 8,760 ಗಂಟೆ. ವಾರಕ್ಕೆ 40 ಗಂಟೆಯ ಕೆಲಸವಾದರೆ ಒಬ್ಬರಿಗೆ ಸಂಬಳ ಕೊಡುವುದು 2,080 ಗಂಟೆಗೆ. ಭಾಗಿಸಿದರೆ 4.2. ಇಲ್ಲಿಗೇ ನಿಲ್ಲಿಸಿದ ಅಂದಾಜು ಮೊದಲ ರಜೆಗೇ ಕೈಕೊಡುತ್ತದೆ. ಗಳಿಕೆ ರಜೆ 30 ದಿನ, ಸಾರ್ವತ್ರಿಕ ರಜೆ 10, ಅನಾರೋಗ್ಯ ರಜೆ 8, ತರಬೇತಿ 5 ಎಂದಿಟ್ಟುಕೊಳ್ಳಿ. 53 ದಿನ, ಅಂದರೆ 424 ಗಂಟೆ ಕಳೆದು ಉಳಿಯುವುದು 1,656. ಈಗ ಭಾಗಿಸಿದರೆ 5.3. ಪಾಳಿ ಬದಲಾಗುವಾಗ ರೋಗಿಗಳ ಸ್ಥಿತಿ ಒಪ್ಪಿಸಲು ಅರ್ಧ ಗಂಟೆ ಇಬ್ಬರೂ ಇರಬೇಕು, ದಿನಕ್ಕೆ ಮೂರು ಸಲ. ಅದೂ ಸೇರಿದರೆ 5.6. ಈ ಅರ್ಧ ಗಂಟೆಗೆ ಕತ್ತರಿ ಹಾಕುವ ಆಸೆ ಬಿಡಿ; ಒಮ್ಮೆ ಕೊಟ್ಟ ಔಷಧವನ್ನು ಮತ್ತೆ ಕೊಡುವಂಥ ತಪ್ಪುಗಳಿಗೆ ದಾರಿಯಾಗುವುದೇ ಅವಸರದ ಹಸ್ತಾಂತರ. ವಿಶ್ವ ಆರೋಗ್ಯ ಸಂಸ್ಥೆಯ ‘ವಿಸ್ನ್’ ವಿಧಾನವೂ ರಜೆ ಕಳೆದು ಕೈಗೆ ಸಿಗುವ ಸಮಯದಿಂದಲೇ ಸಿಬ್ಬಂದಿಯ ಲೆಕ್ಕ ಹಾಕುತ್ತದೆ.

ಪ್ರಶ್ನೆ: ಹಾಗಿದ್ದರೆ ಹುದ್ದೆ ಖಾಲಿ ಬಿಟ್ಟು, ಬೇಕಾದಾಗ ಏಜೆನ್ಸಿಯಿಂದ ಕರೆಸಿಕೊಂಡರೆ ಅಗ್ಗವಲ್ಲವೇ?

ಉತ್ತರ: ಹೆರಿಗೆ ರಜೆಯ ಬದಲಿಗೆ, ಜ್ವರದ ಹಾವಳಿಯ ದಿನಗಳಿಗೆ ಸರಿ. ವರ್ಷವಿಡೀ ಆದರೆ ಹೋಲಿಕೆಯನ್ನು ನೆಟ್ಟಗೆ ಮಾಡಬೇಕು. ಕಾಯಂ ನರ್ಸಿನ ವೇತನ ಗಂಟೆಗೆ 100 ಎನ್ನಿ. ಪಿಂಚಣಿ, ವಿಮೆ, ಭತ್ಯೆಗೆಂದು 30 ಸೇರಿಸಿ. ಕೊಟ್ಟದ್ದು 2,080 ಗಂಟೆಗೆ, ದುಡಿಮೆ ಸಿಕ್ಕಿದ್ದು 1,656 ಗಂಟೆ. ಆದ್ದರಿಂದ ದುಡಿದ ಗಂಟೆಯೊಂದರ ನಿಜವಾದ ಖರ್ಚು ಸುಮಾರು 163. ಏಜೆನ್ಸಿಯ ದರವನ್ನು ಇದರೊಡನೆ ಹೋಲಿಸಿ, 100ರೊಡನೆ ಅಲ್ಲ. ಏಜೆನ್ಸಿ 150 ಕೇಳಿದರೆ ಮೇಲ್ನೋಟಕ್ಕೆ ಅದೇ ಅಗ್ಗ. ಆದರೆ ಹೊಸಬರಿಗೆ ಔಷಧದ ಕಪಾಟು, ದಾಖಲೆಯ ಕ್ರಮ, ತುರ್ತು ಕರೆಯ ವ್ಯವಸ್ಥೆ ತೋರಿಸಲು ಕಾಯಂ ನರ್ಸಿನ ಸಮಯ ಹೋಗುತ್ತದೆ. ಆ ಗಂಟೆಗಳಿಗೂ 163ರಂತೆ ಹಾಕಿ. ವಾರವಾರ ಮುಖ ಬದಲಾದರೆ ಉಳಿತಾಯ ಅಲ್ಲೇ ಕರಗುತ್ತದೆ.

ಇನ್ನೊಂದು ತೊಡಕು ಕಡತದ್ದು. ಖಾಲಿ ಹುದ್ದೆಯ ಉಳಿತಾಯ ‘ವೇತನ’ ಶೀರ್ಷಿಕೆಯಲ್ಲಿ ಕಂಡರೆ, ಏಜೆನ್ಸಿ ಬಿಲ್ಲು ಹೊರಗುತ್ತಿಗೆ ಸೇವೆಯ ಶೀರ್ಷಿಕೆಯಲ್ಲಿ, ಓವರ್‌ಟೈಮ್ ಮತ್ತೆಲ್ಲೋ ಅಡಗಿರಬಹುದು. ಮೂರನ್ನೂ ಒಂದೇ ಹಾಳೆಗೆ ತಂದು, ಹಿಂದಿನ ವರ್ಷದ ಅದೇ ತಿಂಗಳಿನ ಮೊತ್ತದ ಪಕ್ಕದಲ್ಲಿಟ್ಟು ನೋಡಿ.