ಸಾಲ ಕೊಟ್ಟವರ ಷರತ್ತು, ಶಾಲೆ ಬಾಗಿಲಿನ ಹಾಳೆ

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ. ಅವರ ಮಗನಿಗೆ ನೈರೋಬಿಯಲ್ಲಿ ಕೆಲಸ. ಹೋದ ತಿಂಗಳು ನಾವು ಹಾಕಿದ್ದ ಕೆನ್ಯಾ ಲೇಖನ ಅವರಿಗೆ ಹಿಡಿಸಲಿಲ್ಲ. 'ವಿದೇಶಿ ದಾನಿಗಳನ್ನು ಸುಮ್ನೆ ಬೈದಿದ್ದೀರಿ. ಸಾಲ ಕೊಟ್ಟ ಬ್ಯಾಂಕು ಲೆಕ್ಕ ಕೇಳಲ್ವಾ? ನೆಟ್ಟಗೆ ಚುನಾವಣೆ ಮಾಡಿ, ಆಮೇಲೆ ದುಡ್ಡು ಅಂದರೆ ತಪ್ಪೇನು? ಅವರು ಹೇಳದೇ ಇದ್ದಿದ್ದರೆ ಆ ದೇಶದಲ್ಲಿ ಎರಡನೇ ಪಕ್ಷವೇ ಇರುತ್ತಿರಲಿಲ್ಲ' ಎಂಬುದು ಅವರ ಮಾತು.

ಮೇಷ್ಟ್ರೇ, ನಿಮ್ಮ ಕೊನೆಯ ಮಾತಿಗೆ ಅರ್ಧ ಮಾರ್ಕು ಕೊಡಲೇಬೇಕು. 1991ರ ನವೆಂಬರ್‌ನಲ್ಲಿ ದಾನಿ ದೇಶಗಳು ಪ್ಯಾರಿಸ್‌ನಲ್ಲಿ ಸಭೆ ಸೇರಿ ಆರು ತಿಂಗಳು ಹೊಸ ನೆರವು ಇಲ್ಲ ಅಂದವು. ಡಿಸೆಂಬರ್‌ನಲ್ಲಿ ಕೆನ್ಯಾದ ಅಧ್ಯಕ್ಷ ಮೊಯ್ ಮೆತ್ತಗಾದರು. ದೇಶಕ್ಕೆ ಒಂದೇ ಪಕ್ಷ ಎನ್ನುವ 2ಎ ಕಲಮು ಸಂವಿಧಾನದಿಂದ ಹೋಯಿತು. ಸರಿ, ಒಪ್ಪಿದೆ.

ಇನ್ನರ್ಧ ಮಾರ್ಕು ಯಾರಿಗೆ ಅಂತೀರಾ? ಬೇರೆ ಪಕ್ಷಗಳಿಗೂ ಅವಕಾಶ ಬೇಕೆಂದು 1990ರ ಜುಲೈ 7ಕ್ಕೆ ನೈರೋಬಿಯ ಬೀದಿಗಿಳಿದು ಪೊಲೀಸರ ಏಟು, ಗುಂಡು ತಿಂದ ಜನಕ್ಕೆ. ಏಳನೇ ತಿಂಗಳ ಏಳನೇ ದಿನ; ಸ್ವಾಹಿಲಿಯಲ್ಲಿ 'ಸಬಾ ಸಬಾ' ಅಂದರೆ ಏಳು ಏಳು. ಪ್ಯಾರಿಸ್ ಸಭೆ ನಡೆದದ್ದು ಅದಾಗಿ ವರ್ಷ ದಾಟಿದ ಮೇಲೆ. 1992ರಲ್ಲಿ ಜೈಲಿನಲ್ಲಿದ್ದ ರಾಜಕೀಯ ಕೈದಿಗಳ ತಾಯಂದಿರು ನೈರೋಬಿಯ ಉಹುರು ಪಾರ್ಕಿನಲ್ಲಿ ಉಪವಾಸ ಕೂತರು. ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಕೂಡ ಆ ತಾಯಂದಿರ ಜೊತೆಗಿದ್ದರು. ಪೊಲೀಸರು ಲಾಠಿ ಬೀಸಿದಾಗ ಆ ಮುದುಕಿಯರಲ್ಲಿ ಕೆಲವರು ಮೈಮೇಲಿನ ಬಟ್ಟೆ ಕಿತ್ತೆಸೆದು ನಿಂತರು. ತಾಯಿ ಬೆತ್ತಲೆ ನಿಂತು ಶಪಿಸಿದರೆ ತಟ್ಟುತ್ತೆ ಅನ್ನೋ ನಂಬಿಕೆ ಅಲ್ಲಿನದು. ಪಾರ್ಕಿನಿಂದ ಓಡಿಸಿದ ಮೇಲೆ ಹತ್ತಿರದ ಚರ್ಚಿನಲ್ಲಿ ಹೆಚ್ಚುಕಮ್ಮಿ ಒಂದು ವರ್ಷ ಕೂತರು. ಮಕ್ಕಳಲ್ಲಿ ಬಹುತೇಕ ಎಲ್ಲರೂ ಬಿಡುಗಡೆಯಾದರು. ಇದು ಯಾವ ದಾನಿಯ ಯೋಜನಾ ವರದಿಯಲ್ಲಿತ್ತು, ಹೇಳಿ?

ಬ್ಯಾಂಕಿನ ಹೋಲಿಕೆ ಕೊಟ್ಟಿರಿ. ಹಾಗಾದರೆ ಕೋಳಿ ಕಥೆ ಕೇಳಿ. ಚುನಾವಣೆ ಶುದ್ಧವಾಗಿರಲಿ ಎಂದು ಕೆನ್ಯಾಕ್ಕೆ ಜಾಸ್ತಿ ಪಾಠ ಹೇಳಿದವರಲ್ಲಿ ಬ್ರಿಟನ್ನೂ ಒಂದು. ಅದೇ ಬ್ರಿಟನ್ನಿನ ಸ್ಮಿತ್ ಅಂಡ್ ಔಜ್ಮನ್ ಎಂಬ ಮುದ್ರಣ ಕಂಪನಿ ಮತಪತ್ರ ಅಚ್ಚು ಹಾಕುವ ಗುತ್ತಿಗೆಗಾಗಿ ಕೆನ್ಯಾದ ಚುನಾವಣಾ ಅಧಿಕಾರಿಗಳಿಗೆ ಲಂಚ ಕೊಟ್ಟಿತ್ತು. ಪತ್ರವ್ಯವಹಾರದಲ್ಲಿ ಲಂಚಕ್ಕೆ ಇಟ್ಟಿದ್ದ ಹೆಸರು 'ಚಿಕನ್'. 2014ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಅಪರಾಧ ಸಾಬೀತಾಯಿತು. ನಮ್ಮಲ್ಲಿ 'ಕಾಫಿಗೆ' ಅಂತೀವಲ್ಲ, ಹಾಗೆ. ಅವರದು ಸ್ವಲ್ಪ ದೊಡ್ಡ ಊಟ, ಅಷ್ಟೇ.

ಯಂತ್ರಗಳ ಕಥೆಯೂ ಹೀಗೇ. 2013ರ ಚುನಾವಣೆಗೆ ಬೆರಳಚ್ಚು ನೋಡಿ ಮತದಾರರನ್ನು ಗುರುತಿಸಲು ಯಂತ್ರ, ಲ್ಯಾಪ್‌ಟಾಪ್ ಎಲ್ಲ ಬಂದವು. ಎಷ್ಟೋ ಮತಗಟ್ಟೆಗಳಿದ್ದ ಶಾಲೆಗಳಲ್ಲಿ ಕರೆಂಟೇ ಇರಲಿಲ್ಲ. ಬ್ಯಾಟರಿ ಸತ್ತವು. ಸಿಬ್ಬಂದಿ ಮತ್ತೆ ಅಚ್ಚಾದ ಪಟ್ಟಿ ಹಿಡಿದು ಹೆಸರು ಹುಡುಕಿದರು.

2017ರದ್ದಂತೂ ನನಗೆ ಬಲು ಇಷ್ಟವಾದ ಅಧ್ಯಾಯ. ಆಗಸ್ಟ್ 8ಕ್ಕೆ ಮತದಾನ. ಅಮೆರಿಕದ ಮಾಜಿ ವಿದೇಶಾಂಗ ಮಂತ್ರಿ ಜಾನ್ ಕೆರಿ ಸೇರಿದಂತೆ ವಿದೇಶಿ ವೀಕ್ಷಕರು ಪತ್ರಿಕಾಗೋಷ್ಠಿ ಮಾಡಿ ವ್ಯವಸ್ಥೆಯನ್ನು ಮೆಚ್ಚಿಕೊಂಡರು. ಸೋತವರು ಕೋರ್ಟಿಗೆ ಹೋಗಲಿ ಅಂದರು. ಹೋದರು! ಸೆಪ್ಟೆಂಬರ್ 1ಕ್ಕೆ ಮುಖ್ಯ ನ್ಯಾಯಮೂರ್ತಿ ಡೇವಿಡ್ ಮರಾಗಾ ಅವರ ಪೀಠ ಇಡೀ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು. ಆಫ್ರಿಕಾದಲ್ಲಿ ಹಾಗಾದದ್ದು ಅದೇ ಮೊದಲು. ಫಲಿತಾಂಶ ಇಟ್ಟಿದ್ದ ಕಂಪ್ಯೂಟರ್ ಸರ್ವರ್ ತೋರಿಸಿ ಎಂದು ಕೋರ್ಟು ಹೇಳಿದರೂ ಚುನಾವಣಾ ಆಯೋಗ ಪೂರ್ತಿ ತೋರಿಸಲಿಲ್ಲ. ಎಲ್ಲ ಮತಗಟ್ಟೆಗಳ 34ಎ ನಮೂನೆ ಬರುವ ಮೊದಲೇ ಗೆದ್ದವರನ್ನು ಘೋಷಿಸಿತ್ತು.

ಈ 34ಎ ಅಂದರೆ ಒಂದು ಹಾಳೆ. ಮತಗಟ್ಟೆಯಲ್ಲೇ ಎಣಿಕೆ ಮುಗಿಸಿ, ಯಾರಿಗೆ ಎಷ್ಟು ಎಂದು ಕೈಯಲ್ಲಿ ಬರೆದು, ಏಜೆಂಟರ ಸಹಿ ಹಾಕಿಸಿ, ಒಂದು ಪ್ರತಿಯನ್ನು ಬಾಗಿಲಿಗೆ ಅಂಟಿಸುತ್ತಾರೆ. ಕೆಳಗೆ ಘೋಷಿಸಿದ ಲೆಕ್ಕವನ್ನು ನೈರೋಬಿಯಲ್ಲಿ ಕೂತು ತಿದ್ದುವಂತಿಲ್ಲ ಎಂದು ಕೋರ್ಟಿನಲ್ಲಿ ಗೆದ್ದವರು ಅಲ್ಲಿನವರೇ ಆದ ಮಾನವ ಹಕ್ಕು ಹೋರಾಟಗಾರ ಮೈನಾ ಕಿಯಾಯ್ ಮತ್ತು ಜೊತೆಗಾರರು. 2022ರಲ್ಲಿ ಆಯೋಗ 46 ಸಾವಿರಕ್ಕೂ ಹೆಚ್ಚು ಮತಗಟ್ಟೆಗಳ ಹಾಳೆಗಳನ್ನು ಯಾರು ಬೇಕಾದರೂ ನೋಡುವಂತೆ ಇಂಟರ್ನೆಟ್ಟಿಗೆ ಹಾಕಿತು. ಕಾಲೇಜು ಹುಡುಗರೂ ಕೂಡಿಸಿ ಲೆಕ್ಕ ನೋಡಬಹುದಿತ್ತು.

ನನ್ನ ಸಿಟ್ಟಿಗೆ ಸ್ವಂತ ಕಾರಣವೂ ಇದೆ, ಮುಚ್ಚಿಡಲ್ಲ. ಸುಮಾರು ಹದಿನೈದು ವರ್ಷದ ಹಿಂದೆ ಬೆಂಗಳೂರಿನ ದೊಡ್ಡ ಹೋಟೆಲೊಂದರಲ್ಲಿ 'ಉತ್ತಮ ಆಡಳಿತ'ದ ಕಾರ್ಯಾಗಾರಕ್ಕೆ ಕರೆದಿದ್ದರು. ವಿದೇಶಿ ದುಡ್ಡು. ಚೀಲ, ಪೆನ್ನು, ಮೂರು ಬಗೆಯ ಸಿಹಿ. ಸಮಸ್ಯೆಗಳನ್ನು ಬಣ್ಣದ ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ ಅಂದರು. ರಾಯಚೂರು ಕಡೆಯ ಪಂಚಾಯಿತಿ ಸದಸ್ಯೆಯೊಬ್ಬರು ಎದ್ದು ಕೇಳಿದರು: "ಬಿಲ್ ಪಾಸ್ ಆಗ್ಬೇಕಂದ್ರ ಯಾರಿಗೆ ಎಷ್ಟು ಕೊಡ್ಬೇಕು ಅಂತ ಎಲ್ಲಾರಿಗೂ ಗೊತ್ತೈತಿ. ಅದನ್ನ ಯಾವ ಬಣ್ಣದ ಚೀಟ್ಯಾಗ ಬರೀಲ್ರೀ?" ನಾವೆಲ್ಲ ನಕ್ಕೆವು. ಅನುವಾದಕರು ಅದನ್ನು ಇಂಗ್ಲಿಷಿನಲ್ಲಿ ಏನು ಮಾಡಿದರೋ, ಗೋಡೆ ಮೇಲೆ ಬಂದದ್ದು 'ಸಾಮರ್ಥ್ಯ ವರ್ಧನೆ'. ಆ ಪದ ಕೇಳಿದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತೆ. ನಮ್ಮ ಕನ್ನಡ ಹಾಳಾದದ್ದರಲ್ಲಿ ಇಂಥ ವರದಿಗಳ ಪಾಲು ಕಮ್ಮಿಯೇನಲ್ಲ.

ಪಂಚಾಯತ್ ರಾಜ್ ಮಂತ್ರಿಯಾಗಿದ್ದ ನಮ್ಮ ನಜೀರ್ ಸಾಬರನ್ನು ನೆನಪಿಸಿಕೊಳ್ಳಿ. ನೀವು ಆಗ ಸರ್ವಿಸ್ಸಿನಲ್ಲಿದ್ದಿರಿ, ಮತಗಟ್ಟೆ ಡ್ಯೂಟಿಯನ್ನೂ ಮಾಡಿರಬೇಕು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ದೇಶಕ್ಕೆಲ್ಲ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲು ತಂದ ಸಂವಿಧಾನದ 73ನೇ ತಿದ್ದುಪಡಿ ಬರುವುದಕ್ಕೆ ಎಷ್ಟೋ ಮೊದಲು. ಯಾರ ಷರತ್ತಿಗೆ ಮಾಡಿದ್ದು ಅದು?

2027ರ ಆಗಸ್ಟ್‌ನಲ್ಲಿ ಕೆನ್ಯಾದಲ್ಲಿ ಮತ್ತೆ ಚುನಾವಣೆ. ನಿಮ್ಮ ಮಗನಿಗೆ ಒಂದು ಕೆಲಸ ಹೇಳಿ ಮೇಷ್ಟ್ರೇ. ಮಾರನೇ ದಿನ ಗಲಾಟೆ ಗಿಲಾಟೆ ಇಲ್ಲದಿದ್ದರೆ ಮನೆ ಹತ್ತಿರದ ಶಾಲೆಗೆ ಹೋಗಿ, ಬಾಗಿಲಿನ ಹಾಳೆಯ ಫೋಟೊ ತೆಗೆದು ಕಳಿಸಲಿ. ಮುಖಪುಟಕ್ಕೆ ಹಾಕ್ತೀವಿ. ಸಂಭಾವನೆ ಮಾತ್ರ ನಮ್ಮ ಹಳೇ ರೇಟೇ, ಈಗಲೇ ಹೇಳಿಬಿಡಿ.

— ಸಂ.